ಕಲ್ತೊರೆಯ ಮಾಂಸದಂಗಡಿಯ ಮನೆ

ನನ್ನ ಟಿಪ್ಪಣಿ ಪುಸ್ತಕದಲ್ಲಿ ಕಲ್ತೊರೆ ಎಂಬ ಊರಿನ ವಿವರ ಮೊದಲು ಮೂರು ಸಾಲಿಗೆ ಮುಗಿದುಹೋಗಿತ್ತು. ಅರವತ್ತು ಮನೆ, ಹೊಳೆ ದಾಟುವ ಒಂದು ಕಡವು, ದಾರಿಹೋಕರಿಗೆ ಒಂದು ತಂಗುಮನೆ, ಒಂದು ಕುಲುಮೆ, ಹೊಳೆದೇವತೆಯ ಒಂದು ಗುಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ನಡೆಸುವವರು ಒಂದು ಊರಿಗೆ ಸಾಮಾನ್ಯವಾಗಿ ಕೊಡುವ ಆಸ್ತಿ ಇಷ್ಟೇ. ಸಾಹಸಿಗಳು ಅಲ್ಲಿ ಒಂದು ರಾತ್ರಿ ಮಲಗಿ, ಕತ್ತಿಗೆ ಸಾಣೆ ಹಿಡಿಸಿ, ಗುಡಿಯಲ್ಲಿ ಗಾಯ ಮಾಯಿಸಿಕೊಂಡು, ಬೆಳಗಾದರೆ ಪಾಳುಕೋಟೆಯ ದಾರಿ ಹಿಡಿಯುತ್ತಾರೆ ಎಂಬ ಎಣಿಕೆಯಲ್ಲಿ ಊರನ್ನು ಕಟ್ಟಿರುತ್ತೇವೆ. ನಾನೂ ಹಾಗೆಯೇ ಕಟ್ಟಿದ್ದೆ. ಮೂರನೆಯ ಭಾನುವಾರದ ಆಟದಲ್ಲಿ ಬೇಟೆಗಾರ್ತಿಯ ಪಾತ್ರ ವಹಿಸಿದ ಗೆಳತಿ ಕಾಡಿನಲ್ಲಿ ಒಂದು ಹಂದಿಯನ್ನು ಹೊಡೆದು, ಅದನ್ನು ಗೆಳೆಯರ ಹೆಗಲ ಮೇಲೆ ಹೊರಿಸಿಕೊಂಡು ಊರಿಗೆ ಬಂದು, "ಇದನ್ನು ಇಲ್ಲಿ ಯಾರು ಕೊಳ್ಳುತ್ತಾರೆ?" ಎಂದು ಕೇಳಿದಳು. ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ. "ಕಡವಿನ ಬಳಿ ಮಾಂಸದಂಗಡಿಯ ಮನೆಯವರಿದ್ದಾರೆ, ಅವರು ಕೊಳ್ಳುತ್ತಾರೆ" ಎಂದು ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿದೆ. ಎರಡು ವರ್ಷಗಳಿಂದ ನಮ್ಮ ಆಟ ಆ ಮನೆಯ ಸುತ್ತಲೇ ನಡೆಯುತ್ತಿದೆ.

ಈ ಆಟವನ್ನು ಕಂಡಿಲ್ಲದವರಿಗಾಗಿ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಅವರು ರೂಪಿಸಿ ಪ್ರಕಟಿಸಿದ ಆಟ ಇದು. ಒಬ್ಬರು ಲೋಕವನ್ನೂ ಅಲ್ಲಿಯ ಜನರನ್ನೂ ಬಣ್ಣಿಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆ ಲೋಕದಲ್ಲಿ ನಡೆದುಕೊಳ್ಳುತ್ತಾರೆ, ಫಲ ಖಚಿತವಿಲ್ಲದ ಕೆಲಸವನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಬೆಂಗಳೂರಿನಲ್ಲಿ ನಾವು ಐವರು ಹದಿನೈದು ದಿನಕ್ಕೊಮ್ಮೆ ಸೇರಿ ಇದನ್ನು ಪೂರ್ತಿ ಕನ್ನಡದಲ್ಲೇ ಆಡುತ್ತೇವೆ. ಹಾಗೆ ಆಡುವುದರಿಂದಲೇ ನನಗೆ ಮೊದಲ ತೊಡಕು ಎದುರಾಯಿತು. ಆ ಮನೆಯ ಯಜಮಾನನನ್ನು ನಾನು ಏನೆಂದು ಕರೆಯಬೇಕು?

ನಿಘಂಟು 'ಕಟುಕ' ಎನ್ನುತ್ತದೆ. ಆದರೆ ಆ ಪದವನ್ನು ನಾವು ಮಾಂಸ ಮಾರುವವನಿಗಿಂತ ಹೆಚ್ಚಾಗಿ ಕರುಣೆಯಿಲ್ಲದವನಿಗೆ ಬಳಸುತ್ತೇವೆ. ಹೆಂಡತಿಗೆ ಹೊಡೆಯುವವನು ಕಟುಕ, ಸಾಲ ವಸೂಲಿಗೆ ಬಂದು ಪಾತ್ರೆ ಹೊರಗೆಸೆಯುವವನು ಕಟುಕ. 'ಕಸಾಯಿ' ಎಂಬ ಪದದ ಗತಿಯೂ ಇದೇ. ಒಂದು ಕಸುಬಿನ ಹೆಸರೇ ಬೈಗುಳವಾಗಿರುವಾಗ, ಆ ಹೆಸರು ಹಿಡಿದು ಒಂದು ಪಾತ್ರವನ್ನು ಮೇಜಿನ ಮೇಲೆ ನಿಲ್ಲಿಸಿದರೆ ಅವನು ಬಾಯಿ ಬಿಡುವ ಮೊದಲೇ ಕೇಳುವವರ ಮನಸ್ಸಿನಲ್ಲಿ ತೀರ್ಪು ಆಗಿಹೋಗಿರುತ್ತದೆ. ಆದ್ದರಿಂದ ನಾನು ಆ ಪದವನ್ನು ಬಿಟ್ಟು, ನಮ್ಮ ಕಡೆ ಜನ ನಿಜವಾಗಿ ಆಡುವ ಮಾತನ್ನೇ ತೆಗೆದುಕೊಂಡೆ. ಅವರು ಮಾಂಸದಂಗಡಿಯವರು, ಅವರದು ಮಾಂಸದಂಗಡಿಯ ಮನೆ. ಅಂಗಡಿ ಎಂದಾಗ ತಕ್ಕಡಿ, ಗಿರಾಕಿ, ಉದ್ದರಿ ನೆನಪಿಗೆ ಬರುತ್ತವೆ. ಮನೆ ಎಂದಾಗ ಅಜ್ಜಿ, ಮೊಮ್ಮಗಳು, ಅಳಿಯ ಕಾಣುತ್ತಾರೆ. ನನಗೆ ಬೇಕಾಗಿದ್ದುದು ಇವೆರಡೂ.

ಹೆಸರು ಬದಲಿಸಿದ ಮಾತ್ರಕ್ಕೆ ಅನುಮಾನ ಹೋಗಲಿಲ್ಲ. ಕಲ್ಪನಾಲೋಕದ ಆಟಗಳಲ್ಲಿ ಮಾಂಸ ಕಡಿಯುವವನಿಗೆ ಹಳೆಯ ಅಪಕೀರ್ತಿಯಿದೆ. ಡಯಾಬ್ಲೊ ಎಂಬ ಕಂಪ್ಯೂಟರ್ ಆಟವನ್ನು ಆಡಿದವರಿಗೆ ರಕ್ತ ಚೆಲ್ಲಿದ ಕೋಣೆಯಲ್ಲಿ ಮಚ್ಚು ಹಿಡಿದು ಕಾಯುವ ಬುಚರ್ ಎಂಬ ರಾಕ್ಷಸ ಇಂದಿಗೂ ನೆನಪಿದ್ದಾನೆ. ಮೇಜಿನ ಆಟಗಳಲ್ಲಂತೂ ಊರಿನಲ್ಲಿ ಯಾರಾದರೂ ಕಾಣೆಯಾದರೆ, ಮಾಂಸದಂಗಡಿಯ ನೆಲಮಾಳಿಗೆಯನ್ನು ಮೊದಲು ಹುಡುಕಬೇಕೆಂಬುದು ಅನುಭವಿ ಆಟಗಾರರಿಗೆ ಅಭ್ಯಾಸವಾಗಿಬಿಟ್ಟಿದೆ. ನನ್ನ ಗೆಳೆಯರೂ ಹಾಗೆಯೇ ಮಾಡಿದರು. ಕುರಿ ಕಾಯುವ ಹುಡುಗನೊಬ್ಬ ಕಾಣೆಯಾದ ರಾತ್ರಿ ಅವರು ಅಂಗಡಿಯ ಹಿಂಬಾಗಿಲ ಬೀಗ ಮುರಿದು ಒಳಗೆ ಹೋದರು. ಒಳಗೆ ಉಪ್ಪಿನ ತೊಟ್ಟಿಗಳಿದ್ದವು, ತೊಳೆದಿಟ್ಟ ಕೊಕ್ಕೆಗಳಿದ್ದವು, ಮೂಲೆಯಲ್ಲಿ ದೀಪ ಹಚ್ಚಿಕೊಂಡು ಲೆಕ್ಕ ಬರೆಯುತ್ತಿದ್ದ ಒಬ್ಬ ಮುದುಕಿ ಇದ್ದಳು. ಅವಳು ಕಿರುಚಲಿಲ್ಲ. "ಬೀಗಕ್ಕೆ ಎರಡು ಬೆಳ್ಳಿ ನಾಣ್ಯ, ಅಲ್ಲಿಟ್ಟು ಹೋಗಿ ಮಕ್ಕಳೇ" ಎಂದಳು. ಹುಡುಗ ಸಿಕ್ಕಿದ್ದು ಬೇರೆ ಕಡೆ, ಬೇರೆ ಕಾರಣಕ್ಕೆ. ಆ ಮನೆಯನ್ನು ಯಾವ ತಿರುವಿನಲ್ಲಿಯೂ ಖಳರ ಮನೆಯಾಗಿಸುವುದಿಲ್ಲ ಎಂದು ನಾನು ಆಗಲೇ ನಿಶ್ಚಯಿಸಿದ್ದೆ, ಎರಡು ವರ್ಷಗಳಲ್ಲಿ ಎಷ್ಟೋ ಸಲ ಕಥೆ ಅತ್ತ ಎಳೆದರೂ ಆ ನಿಶ್ಚಯವನ್ನು ಸಡಿಲಿಸಿಲ್ಲ.

ಇದಕ್ಕೆ ಕಾರಣ ನನ್ನ ಬಾಲ್ಯದ್ದು. ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ಭಾನುವಾರ ಬೆಳಗ್ಗೆ ಆರು ಗಂಟೆಗೆ ಸ್ಟೀಲಿನ ಡಬ್ಬಿ ಹಿಡಿದು ಮಟನ್ ಅಂಗಡಿಯ ಮುಂದೆ ನಿಲ್ಲುವ ಕೆಲಸ ನನ್ನದಾಗಿತ್ತು. ತಂದೆ ಗಲ್ಲಾಪೆಟ್ಟಿಗೆಯ ಬಳಿ ಕೂತಿರುತ್ತಿದ್ದರು, ಮಗ ಹುಣಸೆಮರದ ಕೊರಡಿನ ಮೇಲೆ ಕಡಿಯುತ್ತಿದ್ದ, ಸೊಸೆ ಹಿತ್ತಲಿನಲ್ಲಿ ಬೋಟಿಯನ್ನು ನೀರು ಬದಲಿಸಿ ಬದಲಿಸಿ ತೊಳೆಯುತ್ತಿದ್ದಳು. ನಾನು ಬಾಯಿ ಬಿಡುವ ಮೊದಲೇ ಆ ಹಿರಿಯರು ಮಗನಿಗೆ, "ಅವರಜ್ಜಿಗೆ ಹಲ್ಲಿಲ್ಲ, ಮೆತ್ತಗಿನದು ಹಾಕು, ಕಾಲು ಬೇರೆ ಕಟ್ಟು" ಎನ್ನುತ್ತಿದ್ದರು. ನಮ್ಮ ಬೀದಿಯ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರು ಈ ತಿಂಗಳು ಕಾಲು ಕೆ.ಜಿ.ಗೆ ಇಳಿದಿದ್ದಾರೆ ಎಂಬುದೆಲ್ಲ ಅವರಿಗೆ ತಿಳಿದಿತ್ತು, ತಿಳಿದದ್ದನ್ನು ಅವರು ಯಾರ ಮುಂದೆಯೂ ಆಡುತ್ತಿರಲಿಲ್ಲ. ದೀಪದ ಬಳಿ ಲೆಕ್ಕ ಬರೆಯುತ್ತಿದ್ದ ಆ ಮುದುಕಿ, ಕಲ್ತೊರೆಯ ಅಜ್ಜಿ ಒರ್ಲಾ, ಹುಟ್ಟಿದ್ದು ಆ ಗಲ್ಲಾಪೆಟ್ಟಿಗೆಯ ಬಳಿ.

ಅಂಗಡಿಯನ್ನು ಊರಿನಲ್ಲಿ ಇಟ್ಟಾದ ಮೇಲೆ ಅದು ಅಲ್ಲಿ ಬದುಕಬಲ್ಲದೇ ಎಂದು ನೋಡಬೇಕಾಯಿತು. ಅರವತ್ತು ಮನೆಯ ಊರಿಗೆ ದಿನವೂ ತೆರೆದಿರುವ ಮಾಂಸದಂಗಡಿ ಹೊಂದುವುದಿಲ್ಲ. ಮಧ್ಯಯುಗದ ಯುರೋಪಿನಲ್ಲಿ, ಈ ಆಟದ ಊರುಗಳು ಮಾದರಿಯಾಗಿ ಇಟ್ಟುಕೊಂಡಿರುವ ಕಾಲದಲ್ಲಿ, ಹಳ್ಳಿಯವರು ತಮ್ಮ ಹಂದಿಯನ್ನು ತಾವೇ ಕೊಯ್ದುಕೊಳ್ಳುತ್ತಿದ್ದರು. ಮಾಂಸದಂಗಡಿಗಳು ಇದ್ದದ್ದು ಸಂತೆಯ ಪಟ್ಟಣಗಳಲ್ಲಿ. ಇಂಗ್ಲೆಂಡಿನ ಯಾರ್ಕ್ ನಗರದ ಶ್ಯಾಂಬಲ್ಸ್ ಬೀದಿಯ ಹೆಸರೇ ಮಾಂಸ ಹರಡಿಡುವ ಹಲಗೆಗಳಿಂದ ಬಂದದ್ದು. ಆ ಬೀದಿಯೊಂದರಲ್ಲೇ 1872ರಲ್ಲೂ ಸುಮಾರು ಇಪ್ಪತ್ತೈದು ಮಾಂಸದಂಗಡಿಗಳಿದ್ದವು. ಕಿಟಕಿಯ ಮುಂದಿನ ಅಗಲವಾದ ಹಲಗೆಗಳೂ ಗೋಡೆಯ ಕೊಕ್ಕೆಗಳೂ ಕೆಲವು ಕಟ್ಟಡಗಳಲ್ಲಿ ಈಗಲೂ ಉಳಿದಿವೆ. ಆದರೆ ಕಲ್ತೊರೆ ಯಾರ್ಕ್ ಅಲ್ಲ. ಆದ್ದರಿಂದ ಗಿರಾಕಿಯನ್ನು ನಾನು ಊರಿನ ಹೊರಗೆ ಹುಡುಕಿದೆ. ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಬೆಟ್ಟಗಳಿಂದ ಲಂಡನ್ನಿನ ಸ್ಮಿತ್‌ಫೀಲ್ಡ್ ಸಂತೆಯವರೆಗೆ ದನಗಳನ್ನು ನೂರಾರು ಮೈಲಿ ನಡೆಸಿಕೊಂಡು ಹೋಗುವ ಕಸುಬುದಾರರು ರೈಲು ಬರುವವರೆಗೂ ಇದ್ದರು. ದೂರದ ದಾರಿಗೆಂದು ದನಗಳ ಗೊರಸಿಗೆ ಲಾಳ ಕಟ್ಟಿಸುತ್ತಿದ್ದರು, ಹೆಬ್ಬಾತುಗಳನ್ನು ನಡೆಸುವಾಗ ಅವುಗಳ ಪಾದಕ್ಕೆ ಡಾಂಬರು ಮತ್ತು ಮರಳು ಮೆತ್ತಿಸುತ್ತಿದ್ದರು. ಕಲ್ತೊರೆಯ ಕಡವು ಅಂಥದೊಂದು ಮಂದೆದಾರಿಯ ಮೇಲಿದೆ ಎಂದು ಬರೆದುಕೊಂಡೆ. ಹೊಳೆ ದಾಟುವಾಗ ಕಾಲು ಮುರಿದ ಕುರಿ, ಮುಂದೆ ನಡೆಯಲಾರದ ದನ ಅಲ್ಲಿಯೇ ಮಾರಾಟವಾಗುತ್ತದೆ. ಮಂದೆಯವರು ಮುಂದಿನ ದಾರಿಗೆ ಉಪ್ಪು ಹಾಕಿ ಒಣಗಿಸಿದ ಮಾಂಸವನ್ನು ಕೊಂಡೊಯ್ಯುತ್ತಾರೆ. ಇಷ್ಟಾದ ಮೇಲೆ ಅಂಗಡಿಗೆ ಕಾಲು ಬಂತು.

ಮುಂದಿನದು ಬೆಲೆ. ಈ ಆಟದ ನಿಯಮಪುಸ್ತಕವಾದ 2014ರ ಆಟಗಾರರ ಕೈಪಿಡಿಯಲ್ಲಿ ಒಂದು ಕುರಿಯ ಬೆಲೆ ಎರಡು ಚಿನ್ನದ ನಾಣ್ಯ, ಎಂದರೆ ಇಪ್ಪತ್ತು ಬೆಳ್ಳಿ. ಒಂದು ತುಂಡು ಮಾಂಸದ ಬೆಲೆ ಮೂರು ಬೆಳ್ಳಿ. ಏಳು ತುಂಡು ಮಾರಿದರೆ ಅಸಲು ಕೈಸೇರುತ್ತದೆ. ತುಂಡಿನ ತೂಕವನ್ನು ಕೈಪಿಡಿ ಹೇಳುವುದಿಲ್ಲ, ಅರ್ಧ ಕೆ.ಜಿ. ಎಂದು ಹಿಡಿದು, ಆ ಕಾಲದ ಸಣ್ಣ ಕುರಿ ಹದಿನೈದು ಕೆ.ಜಿ. ಮಾಂಸ ಕೊಟ್ಟಿತೆಂದುಕೊಂಡರೆ, ಮೂವತ್ತು ತುಂಡಿಗೆ ತೊಂಬತ್ತು ಬೆಳ್ಳಿ. ಹಾಕಿದ ದುಡ್ಡಿಗೆ ನಾಲ್ಕೂವರೆ ಪಟ್ಟು. ಹೀಗಾದರೆ ಈ ಮನೆಯವರು ಊರಿನ ಗೌಡರಿಗಿಂತ ಶ್ರೀಮಂತರಾಗಬೇಕು. ಆದರೆ ಅದೇ ಕೈಪಿಡಿಯಲ್ಲಿ ಕೂಲಿಯಾಳಿನ ದಿನದ ಕೂಲಿ ಎರಡು ಬೆಳ್ಳಿ. ದಿನವಿಡೀ ದುಡಿದವನ ಕೂಲಿಗೆ ಒಂದು ತುಂಡೂ ಬರುವುದಿಲ್ಲ ಎಂದ ಮೇಲೆ ಅಂಗಡಿಯ ಮುಂದಿನ ಹಲಗೆಯಿಂದ ಕೊಳ್ಳುವವರು ಯಾರು? ಕೈಪಿಡಿಯ ಬೆಲೆ ಸಾಹಸಿಗಳಿಗೆ, ಕತ್ತಿಗೆ ಹದಿನೈದು ಚಿನ್ನ ಎಣಿಸಿ ಕೊಡುವವರಿಗೆ ಹಾಕಿದ ಬೆಲೆ ಎಂದು ನಾನು ಅರ್ಥ ಮಾಡಿಕೊಂಡೆ. ಒರ್ಲಾಳ ಅಂಗಡಿಯಲ್ಲಿ ಎರಡು ಲೆಕ್ಕಗಳಿವೆ. ಮಂದೆಯವರಿಗೂ ದಾರಿಹೋಕರಿಗೂ ನಾಣ್ಯದ ಲೆಕ್ಕ. ಊರವರಿಗೆ ಗೀಟು ಕೊರೆದ ಕೋಲಿನ ಲೆಕ್ಕ. ಅವರು ಸೌದೆ ತರುತ್ತಾರೆ, ಕೊಯ್ಲಿನ ಕಾಲದಲ್ಲಿ ಜವೆ ತರುತ್ತಾರೆ, ಕೊಕ್ಕೆ ಬಾಗಿಸಿ ಕೊಡುತ್ತಾರೆ, ಬದಲಿಗೆ ತಲೆ, ಕಾಲು, ಬೋಟಿ, ರಕ್ತ ಸೇರಿಸಿ ಮಾಡಿದ ಸಾಸೇಜು ಪಡೆಯುತ್ತಾರೆ. ಈ ಲೆಕ್ಕ ಕಂಡ ದಿನ ನನಗೆ ಊರೇ ಕಂಡಂತಾಯಿತು. ಪಾಳುಕೋಟೆಯ ನಕ್ಷೆ ಬರೆಯುವುದರಲ್ಲಿ ಈ ಸುಖ ನನಗೆ ಎಂದೂ ಸಿಕ್ಕಿರಲಿಲ್ಲ.

ಅದೇ ಪಟ್ಟಿಯಲ್ಲಿ ಒಂದು ಪೌಂಡ್ ಮೆಣಸಿಗೂ ಎರಡು ಚಿನ್ನ, ಒಂದು ಪೌಂಡ್ ಉಪ್ಪಿಗೆ ಐದೇ ತಾಮ್ರ. ಒಂದು ಕುರಿಗೆ ಒಂದು ಪೌಂಡ್ ಮೆಣಸು ಸಮ. ಮನೆಯ ಸೊಸೆ ಮಿರಾ ಸಾಸೇಜಿಗೆ ಮೆಣಸು ಹಾಕುವುದು ವರ್ಷಕ್ಕೆ ಒಂದೇ ಸಲ, ಹೊಳೆದೇವತೆಯ ಜಾತ್ರೆಗೆ. ಉಳಿದ ದಿನ ಕಾಡಿನ ಸೊಪ್ಪು, ಈರುಳ್ಳಿ, ಉಪ್ಪು. ಆ ಜಾತ್ರೆಯ ಸಾಸೇಜಿನ ರುಚಿಯನ್ನು ನಾನು ಬಣ್ಣಿಸಿದಾಗ ಮೇಜಿನ ಸುತ್ತ ಇದ್ದವರು ಒಂದು ಕ್ಷಣ ಸುಮ್ಮನಾದದ್ದು ನನಗೆ ನೆನಪಿದೆ.

ಮಂತ್ರವಿರುವ ಲೋಕದಲ್ಲಿ ಮಾಂಸದಂಗಡಿಗೆ ಇನ್ನೂ ಕೆಲವು ಪ್ರಶ್ನೆಗಳು ಇರುತ್ತವೆ. ಅರ್ಚಕರ ಮೊದಲ ಹಂತದ ಮಂತ್ರವೊಂದು ಕೆಟ್ಟ ಆಹಾರವನ್ನು ಶುದ್ಧ ಮಾಡುತ್ತದೆ. ಹಾಗಿದ್ದ ಮೇಲೆ ಹಳಸಿದ ಮಾಂಸ ಮಾರಿದರೆ ತಪ್ಪೇನು ಎಂದು ನಮ್ಮ ಗಾಯಕನ ಪಾತ್ರಧಾರಿ ಕೇಳಿದ. ತಪ್ಪು ಇದ್ದೇ ಇದೆ, ಏಕೆಂದರೆ ಗುಡಿಯ ಅರ್ಚಕಿ ಒಬ್ಬಳೇ, ಅವಳ ಹೊತ್ತು ಎಣಿಕೆಯದು, ಹೆರಿಗೆ ಮತ್ತು ಜ್ವರ ಅವಳಿಗಾಗಿ ಕಾದಿರುತ್ತವೆ. ಹದಿನಾಲ್ಕನೆಯ ಶತಮಾನದ ಲಂಡನ್ನಿನಲ್ಲಿ ಕೊಳೆತ ಮಾಂಸ ಮಾರಿದವನ ಕೊರಳನ್ನು ಬೀದಿಯ ಮರದ ಚೌಕಟ್ಟಿಗೆ ಸಿಕ್ಕಿಸಿ, ಆ ಮಾಂಸವನ್ನೇ ಅವನ ಕೆಳಗೆ ಸುಡುತ್ತಿದ್ದರು. ಕಲ್ತೊರೆಯಲ್ಲಿಯೂ ಕಡವಿನ ಬಳಿ ಅಂಥ ಚೌಕಟ್ಟು ಇದೆ, ಒರ್ಲಾಳ ಗಂಡನ ಅಣ್ಣ ಒಮ್ಮೆ ಅದರಲ್ಲಿ ನಿಂತಿದ್ದ, ಆ ಮನೆ ಅದನ್ನು ಮರೆತಿಲ್ಲ. ಹೆಣ ಕೊಳೆಯದಂತೆ ಹತ್ತು ದಿನ ಕಾಯುವ ಇನ್ನೊಂದು ಮಂತ್ರವಿದೆ, ಅದಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಒಂದು ಚಿಟಿಕೆ ಉಪ್ಪು. ಈ ಮಂತ್ರವನ್ನು ಬರೆದವರು ಯಾರೇ ಇರಲಿ, ಉಪ್ಪಿನ ಕೋಣೆಯನ್ನು ಬಲ್ಲವರು. ಅಂಗಡಿಯ ಉಪ್ಪಿನ ಕೋಣೆ ಬಡಗು ದಿಕ್ಕಿಗಿದೆ, ಬಿಸಿಲು ಒಳಗೆ ಬರುವುದಿಲ್ಲ, ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿರುತ್ತದೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನು ಎತ್ತಿದವಳು ಬೇಟೆಗಾರ್ತಿ. ಅವಳಿಗೆ ಹತ್ತು ನಿಮಿಷ ಪ್ರಾಣಿಗಳೊಡನೆ ಮಾತನಾಡುವ ಮಂತ್ರ ಬರುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ್ದ ಕುರಿಯೊಡನೆ ಅವಳು ಮಾತನಾಡಬಯಸಿದಳು. ಕುರಿಯ ಮಾತನ್ನು ಆಡಬೇಕಾದವನು ನಾನು. ಅದನ್ನು ನಗೆಯಾಗಿಸಿ ತಪ್ಪಿಸಿಕೊಳ್ಳಬಹುದಿತ್ತು, ಅಥವಾ ಕುರಿಯಿಂದ ಪ್ರಾಣಭಿಕ್ಷೆ ಬೇಡಿಸಿ ಆ ಮನೆಯವರನ್ನು ಒಂದೇ ಏಟಿಗೆ ಪಾಪಿಗಳಾಗಿಸಬಹುದಿತ್ತು. ನಾನು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಕುರಿ ಹೇಳಿದ್ದು ಕಾಲಿನ ನೋವನ್ನು, ಹೊಳೆಯ ತಣ್ಣೀರನ್ನು, ನಿನ್ನೆ ಸಂಜೆ ಕೆಂಪು ಕೂದಲಿನ ಹುಡುಗಿ ತಂದ ಉಪ್ಪಿನ ಹರಳನ್ನು. ಆ ಹುಡುಗಿ ಮನೆಯ ಮೊಮ್ಮಗಳು ಟೆಸ್ಸಾ. ಮರುದಿನ ಬೆಳಗ್ಗೆ ಕುರಿ ಕೊಯ್ಯುವ ಮುನ್ನ ಟೆಸ್ಸಾಳ ತಂದೆ ಡೋರಿಕ್ ಉಳಿದ ಪ್ರಾಣಿಗಳನ್ನು ಗೋಡೆಯ ಆಚೆ ಕಟ್ಟಿ, ಕತ್ತಿಯ ಅಲಗನ್ನು ಉಗುರಿನ ಮೇಲೆ ಎಳೆದು ನೋಡಿ, ಅದು ತೃಪ್ತಿಯಾಗದೆ ಮತ್ತೆ ಸಾಣೆ ಹಿಡಿದುದನ್ನು ಬೇಟೆಗಾರ್ತಿ ನಿಂತು ನೋಡಿದಳು. ಆ ಗೆಳತಿ ಮನೆಯಲ್ಲಿ ಮಾಂಸ ತಿನ್ನುವವಳಲ್ಲ. ಆಟ ಮುಗಿದ ಮೇಲೆ ಅವಳು ನನಗೆ, "ನೀನು ಅದನ್ನು ಸುಲಭ ಮಾಡಲಿಲ್ಲ, ಒಳ್ಳೆಯದಾಯಿತು" ಎಂದಳು. ಆಟ ನಡೆಸುವವನಾಗಿ ನನಗೆ ಸಿಕ್ಕಿರುವ ಅತ್ಯಂತ ದೊಡ್ಡ ಮೆಚ್ಚುಗೆ ಇದು ಎಂದು ನಾನು ಭಾವಿಸುತ್ತೇನೆ.

ವರ್ಷದ ಕೆಲಸವೂ ತಿಂಗಳು ತಿಂಗಳಾಗಿ ರೂಪುಗೊಂಡಿತು. ಉತ್ತರ ಯುರೋಪಿನಲ್ಲಿ ಚಳಿಗಾಲಕ್ಕೆ ಮೇವು ಸಾಲದ ಪ್ರಾಣಿಗಳನ್ನೂ, ಓಕ್ ಕಾಯಿ ತಿಂದು ಕೊಬ್ಬಿದ ಹಂದಿಗಳನ್ನೂ ಕೊಯ್ದು ಉಪ್ಪಿಗೆ ಹಾಕುತ್ತಿದ್ದ ಕಾಲ ನವೆಂಬರ್. ನವೆಂಬರ್ 11ರ ಸಂತ ಮಾರ್ಟಿನನ ಹಬ್ಬ ಅದರ ಗುರುತಿನ ದಿನ. ಕ್ರೈಸ್ತರಾಗುವ ಮುನ್ನ ಇಂಗ್ಲಿಷರು ಆ ತಿಂಗಳನ್ನು ರಕ್ತದ ತಿಂಗಳೆಂದು ಕರೆಯುತ್ತಿದ್ದರೆಂದು ಎಂಟನೆಯ ಶತಮಾನದ ಸನ್ಯಾಸಿ ಬೀಡ್ ಬರೆದಿದ್ದಾನೆ. ಅದಕ್ಕೆ ಎದುರಾಗಿ ಈಸ್ಟರಿಗೆ ಮುಂಚಿನ ನಲವತ್ತು ದಿನ, ಮತ್ತು ವರ್ಷವಿಡೀ ಶುಕ್ರವಾರ, ಮಾಂಸ ವರ್ಜ್ಯವಾಗಿತ್ತು. ಕಲ್ತೊರೆಯಲ್ಲಿ ಹೊಳೆದೇವತೆಯ ವ್ರತ ವಸಂತದಲ್ಲಿ ಮೂವತ್ತು ದಿನ ಬರುತ್ತದೆ. ಶ್ರಾವಣದಲ್ಲಿ ಮಟನ್ ಅಂಗಡಿಯವರು ಕೊರಡನ್ನು ಉಜ್ಜಿ ತೊಳೆದು ಬಿಸಿಲಿಗಿಟ್ಟು, ಗೋಡೆಗೆ ಸುಣ್ಣ ಹೊಡೆಯುವುದನ್ನು ನಾನು ಕಂಡಿದ್ದರಿಂದ ಆ ಮೂವತ್ತು ದಿನ ಒರ್ಲಾಳ ಮನೆಯಲ್ಲಿ ಏನು ನಡೆಯುತ್ತದೆಂದು ಯೋಚಿಸಬೇಕಾಗಲಿಲ್ಲ.

ಜಾತ್ರೆಯ ಮರುದಿನದ ಪದ್ಧತಿಯನ್ನಂತೂ ನಾನು ನೇರವಾಗಿ ನಮ್ಮ ಊರಿನಿಂದಲೇ ತೆಗೆದುಕೊಂಡೆ. ಯುಗಾದಿಯ ಮರುದಿನ, ಹೊಸತೊಡಕಿಗೆ, ನಮ್ಮಲ್ಲಿ ಹತ್ತಾರು ಮನೆಯವರು ದುಡ್ಡು ಹಾಕಿ ಕುರಿ ತಂದು ಕುಯ್ದು, ಗುಡ್ಡೆ ಹಾಕುತ್ತಾರೆ. ಮುತ್ತುಗದ ಎಲೆಯ ಮೇಲೆ ಸಾಲಾಗಿ ಇಟ್ಟ ಪ್ರತಿ ಗುಡ್ಡೆಯಲ್ಲಿಯೂ ತೊಡೆಯ ಮಾಂಸ, ಪಕ್ಕೆಲುಬು, ಲಿವರ್, ಬೋಟಿ, ಕೊಬ್ಬು ಎಲ್ಲವೂ ಸ್ವಲ್ಪ ಸ್ವಲ್ಪ ಇರಬೇಕು. ಯಾರಿಗೆ ಯಾವ ಗುಡ್ಡೆ ಹೋದರೂ ಮನಸ್ತಾಪ ಬರಬಾರದು. ಡೋರಿಕ್ ಅರವತ್ತು ಗುಡ್ಡೆ ಹಾಕುತ್ತಾನೆ. ನಮ್ಮ ಸಾಹಸಿಗಳಿಗೂ ಒಂದು ಗುಡ್ಡೆ ಬಂದ ವರ್ಷ, ಅದು ಅರವತ್ತೊಂದನೆಯದಾಗಿದ್ದುದನ್ನು ಎಣಿಸಿ ಕಂಡುಕೊಂಡವನು ನಮ್ಮ ಮಾಂತ್ರಿಕ.

ಆ ಮಾಂತ್ರಿಕನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವನ ಪಾತ್ರ ಪಟ್ಟಣದ ವಿದ್ಯಾಪೀಠದಲ್ಲಿ ಕಲಿತು ಬಂದದ್ದು, ಮೊದಲಿನಿಂದಲೂ ಮಾಂಸದಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ನಡೆಯುತ್ತಿತ್ತು. ಒಂದು ದಿನ ಅವನು ಹೊಸ ಮಂತ್ರಪುಸ್ತಕಕ್ಕೆ ಬೇಕಾದ ಹಾಳೆ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಕೈಪಿಡಿಯ ಪ್ರಕಾರ ಮಂತ್ರಪುಸ್ತಕವೆಂದರೆ ತೊಗಲಿನ ರಟ್ಟಿನೊಳಗೆ ನೂರು ಪುಟಗಳ ವೆಲ್ಲಮ್, ಬೆಲೆ ಐವತ್ತು ಚಿನ್ನ. ವೆಲ್ಲಮ್ ಎಂದರೆ ಕರುವಿನ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿ, ಬಾಗಿದ ಅಲಗಿನಿಂದ ಹೆರೆದು ತೆಳ್ಳಗೆ ಮಾಡಿದ ಹಾಳೆ. ಒಂದು ಚರ್ಮಕ್ಕೆ ನಾಲ್ಕು ಹಾಳೆ ಎಂದು ನಾನು ಲೆಕ್ಕ ಹಿಡಿದೆ. ನೂರು ಪುಟಕ್ಕೆ ಐವತ್ತು ಹಾಳೆ, ಹದಿಮೂರು ಕರು. ಅವನು ಬಗಲಲ್ಲಿ ಹೊತ್ತು ತಿರುಗುವ ಪುಸ್ತಕ ಯಾವುದೋ ಒಂದು ಮಾಂಸದಂಗಡಿಯ ಹಿತ್ತಲಿನಿಂದ ಬಂದದ್ದು. ಆಮೇಲೆ ಮೇಜಿನ ಸುತ್ತ ಎಲ್ಲರೂ ತಮ್ಮ ತಮ್ಮ ಪಾತ್ರದ ಸಾಮಾನಿನ ಪಟ್ಟಿಯನ್ನು ತೆಗೆದು ನೋಡತೊಡಗಿದರು. ಗಾಯಕನ ಲ್ಯೂಟ್ ಎಂಬ ವಾದ್ಯದ ತಂತಿ ಕುರಿಯ ಕರುಳು. ಕತ್ತಲ ಸುರಂಗದಲ್ಲಿ ಹಚ್ಚುವ ಬತ್ತಿ ಕುರಿಯ ಕೊಬ್ಬು ಕರಗಿಸಿ ಎರೆದದ್ದು. ಲಾಂದ್ರದ ಅರೆಪಾರದರ್ಶಕ ಪಟ್ಟಿ ಕೊಂಬನ್ನು ಬಿಸಿ ಮಾಡಿ ಚಪ್ಪಟೆಯಾಗಿಸಿ ಸೀಳಿದ್ದು. ಬೇಟೆಗಾರ್ತಿಯ ತೊಗಲಿನ ಕವಚ, ನಮ್ಮ ಗುಂಪಿನ ಅರ್ಚಕಿಯ ಪಾದರಕ್ಷೆ, ಮುರಿದ ಕುರ್ಚಿಯನ್ನು ಜೋಡಿಸುವ ಅಂಟು, ಎಲ್ಲವೂ. ಕಲ್ತೊರೆಯಲ್ಲಿ ತೊಗಲು ಹದ ಮಾಡುವ ಹದಗಾರನೂ ಬತ್ತಿ ಎರೆಯುವವಳೂ ಇರಲೇಬೇಕೆಂದು ಅಂದೇ ತೀರ್ಮಾನವಾಗಿ, ಹೊಳೆಯ ಕೆಳದಂಡೆಯಲ್ಲಿ ಅವರಿಗೆ ಮನೆಗಳಾದವು; ವಾಸನೆಯ ಕಸುಬುಗಳು ನೀರಿನ ಹರಿವಿನ ಕೆಳಗೆ ಇರಬೇಕಷ್ಟೆ. ಇದೇ ಕಾರಣಕ್ಕೆ 1361ರಲ್ಲಿ ಮೂರನೆಯ ಎಡ್ವರ್ಡ್ ದೊರೆ ಲಂಡನ್ನಿನ ದೊಡ್ಡ ಪ್ರಾಣಿಗಳನ್ನು ನಗರದ ಹೊರಗೆ, ಸ್ಟ್ರಾಟ್‌ಫರ್ಡ್ ಅಥವಾ ನೈಟ್ಸ್‌ಬ್ರಿಜ್‌ನಲ್ಲಿ ಕೊಯ್ಯಬೇಕೆಂದು ಆಜ್ಞೆ ಹೊರಡಿಸಿದ್ದ.

ಈಗ ಮನೆಯ ಅಳಿಯನ ವಿಷಯ. ಟೆಸ್ಸಾ ಕಳೆದ ವರ್ಷ ಮದುವೆಯಾದದ್ದು ಗ್ರುಮ್ ಎಂಬ ಅರೆ ಆರ್ಕ್ ಯುವಕನನ್ನು, ಎಂದರೆ ಮನುಷ್ಯರಿಗೂ ಆ ಲೋಕದ ಆರ್ಕ್ ಎಂಬ ದಾಳಿಕೋರ ಜನಾಂಗಕ್ಕೂ ಹುಟ್ಟಿದವನನ್ನು. ಅವನು ಮಂದೆಯವರೊಡನೆ ಬಂದು, ಹೊಳೆಯಲ್ಲಿ ಜ್ವರ ಹಿಡಿದು ಊರಿನಲ್ಲಿ ಉಳಿದವನು. ಮನೆವಾಳ್ತನಕ್ಕೆ ಬಂದ ಅಳಿಯನೆಂದು ನಾವು ಕರೆಯುವ ಪೈಕಿ. ಒರ್ಲಾಳಿಗೆ ಡೋರಿಕ್ ಒಬ್ಬನೇ ಮಗ, ಡೋರಿಕನಿಗೆ ಟೆಸ್ಸಾ ಒಬ್ಬಳೇ ಮಗಳು. ಡೋರಿಕನ ಬಲಗೈ ಮಣಿಕಟ್ಟು ಈಗ ಕತ್ತಿ ಹಿಡಿಯುವುದಿಲ್ಲ. ಏಳು ವರ್ಷ ಕಲಿಯಬೇಕಾದ ಕಸುಬನ್ನು ಗ್ರುಮ್ ಎರಡು ವರ್ಷದಲ್ಲಿ ಅರ್ಧ ಕಲಿತಿದ್ದಾನೆ, ಕೀಲು ಎಲ್ಲಿದೆಯೆಂದು ಬೆರಳಿನಿಂದಲೇ ಹುಡುಕಿ ಮೂಳೆ ಒಡೆಯದೆ ಬಿಡಿಸುತ್ತಾನೆ. ಆದರೆ ಊರಿನ ಕಟ್ಟಳೆ ಬೇರೆ ಮಾತು ಹೇಳುತ್ತದೆ. ಕಡವಿನ ಬಳಿಯ ಮಾಂಸದ ಕಟ್ಟೆ ನಡೆಸುವ ಹಕ್ಕು ರಕ್ತಸಂಬಂಧದ ಗಂಡುಮಕ್ಕಳಿಗೆ ಮಾತ್ರ.

ಈ ಕಟ್ಟಳೆಯನ್ನು ನಾನು ಪ್ಯಾರಿಸಿನಿಂದ ತಂದೆ. ಅಲ್ಲಿಯ ಶಾತಲೆ ಕೋಟೆಯ ಬಳಿ ಇದ್ದ ಗ್ರಾಂಡ್ ಬೂಷ್ರಿ ಎಂಬ ದೊಡ್ಡ ಮಾಂಸದ ಕಟ್ಟೆಯ ಹಕ್ಕು ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಸಲ್ಲುತ್ತಿತ್ತು. ಗಂಡು ಸಂತಾನ ನಿಂತ ಮನೆತನಗಳು ಒಂದೊಂದಾಗಿ ಕಳಚಿಕೊಂಡು, ಕಾಲಕ್ರಮದಲ್ಲಿ ಇಡೀ ಕಟ್ಟೆ ಬೆರಳೆಣಿಕೆಯ ಮನೆತನಗಳ ಕೈಗೆ ಬಂತು. ಅವರು ಎಷ್ಟು ಬಲಶಾಲಿಗಳಾದರೆಂದರೆ 1413ರಲ್ಲಿ ನಗರದಲ್ಲಿ ಎದ್ದ ದಂಗೆಯ ಹಿಂದೆ ಅವರ ಕೈಯಿತ್ತು. 1416ರಲ್ಲಿ ಕಟ್ಟೆಯನ್ನು ಕೆಡವಿಸಲಾಯಿತು, ಎರಡೇ ವರ್ಷಕ್ಕೆ ಅವರ ಹಕ್ಕು ಮರಳಿ ಸಿಕ್ಕಿತು. ಕುಟುಂಬದ ಕಸುಬು ಎಂದಾಗ ನಮಗೆ ಬೆಚ್ಚಗಿನ ಭಾವನೆ ಬರುವುದು ಸಹಜ, ನನಗೂ ಬರುತ್ತದೆ. ಆದರೆ ಯಾರು ಕುಟುಂಬ, ಯಾರಲ್ಲ ಎಂದು ಗೆರೆ ಎಳೆಯುವ ಅಧಿಕಾರವೂ ಅದರೊಳಗೇ ಕೂತಿರುತ್ತದೆ ಎಂಬುದನ್ನು ನಾನು ಆಟದಲ್ಲಿ ಮುಚ್ಚಿಡಲು ಇಷ್ಟಪಡಲಿಲ್ಲ. ಯುರೋಪಿನ ಎಷ್ಟೋ ಪಟ್ಟಣಗಳ ಕಸುಬುಸಂಘಗಳು ವಿಧವೆಗೆ ಗಂಡನ ಅಂಗಡಿ ನಡೆಸುವ ಅವಕಾಶ ಕೊಟ್ಟಿದ್ದವು, ಒರ್ಲಾ ಮೂವತ್ತು ವರ್ಷ ಹಾಗೆಯೇ ನಡೆಸಿದ್ದಳು. ಮೊಮ್ಮಗಳ ಗಂಡನಿಗೆ, ಅದೂ ಅರೆ ಆರ್ಕನಿಗೆ, ಅಂಥ ಬಾಗಿಲು ಇರಲಿಲ್ಲ.

ಊರಿನ ಪಂಚಾಯಿತಿ ಸೇರಿದ್ದು ಕಳೆದ ತಿಂಗಳ ಆಟದಲ್ಲಿ. ತಂಗುಮನೆಯ ಅಂಗಳದಲ್ಲಿ ಐವರು ಹಿರಿಯರು ಕೂತಿದ್ದರು. ಒರ್ಲಾ ಬೀಗದ ಕೈಗೊಂಚಲನ್ನು ಸೊಂಟದಿಂದ ಬಿಚ್ಚಿ ಅವರ ಮುಂದಿನ ಹಲಗೆಯ ಮೇಲಿಟ್ಟು, "ಇದನ್ನು ಯಾರ ಕೈಗೆ ಕೊಡಲಿ ಹೇಳಿ" ಎಂದಷ್ಟೇ ಕೇಳಿದಳು. ಹದಗಾರ ಪರವಾಗಿ ಮಾತನಾಡಿದ. ಕಾಣೆಯಾಗಿದ್ದ ಹುಡುಗನ ತಂದೆ ವಿರುದ್ಧವಾಗಿ ಮಾತನಾಡಿದ. ಆರ್ಕರ ದಾಳಿಯಲ್ಲಿ ಅವನ ಅಣ್ಣ ಸತ್ತಿದ್ದ, ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಗ್ರುಮ್ ತಲೆ ತಗ್ಗಿಸಿ ನಿಂತಿದ್ದ. ಡೋರಿಕ್ ಅವನ ಪಕ್ಕಕ್ಕೆ ಬಂದು ನಿಂತು, "ತಲೆ ಎತ್ತಪ್ಪ" ಎಂದ. "ಆಗಲಿ ಮಾವ" ಎಂದವನು ಎತ್ತಿದ.

ಆಗ ನಮ್ಮ ಮಾಂತ್ರಿಕ, ಎರಡು ವರ್ಷದ ಹಿಂದೆ ಹಿಂಬಾಗಿಲ ಬೀಗ ಮುರಿದವನೇ, ಎದ್ದು ಬಂದು ತನ್ನ ಮಂತ್ರಪುಸ್ತಕವನ್ನು ಹಲಗೆಯ ಮೇಲಿಟ್ಟ. ಗಾಯಕ ಲ್ಯೂಟನ್ನು ಇಟ್ಟ. ಅರ್ಚಕಿ ಗುಡಿಯ ಬತ್ತಿಯನ್ನು, ಬೇಟೆಗಾರ್ತಿ ತೊಗಲಿನ ತೋಳುಪಟ್ಟಿಯನ್ನು ಇಟ್ಟರು. ನನಗೆ ಅವರು ಮೊದಲೇ ಏನನ್ನೂ ಹೇಳಿರಲಿಲ್ಲ. ಮಾಂತ್ರಿಕ ಹೆಚ್ಚು ಮಾತನಾಡಲಿಲ್ಲ. ಈ ಒಂದೊಂದನ್ನೂ ಕಳೆದ ಎರಡು ಚಳಿಗಾಲಗಳಲ್ಲಿ ಯಾರ ಕೈ ಸುಲಿದು, ತೊಳೆದು, ಉಪ್ಪಿಗೆ ಹಾಕಿ ಉಳಿಸಿತೆಂದು ಹಿರಿಯರು ಬಲ್ಲರು ಎಂದ. ನಾನು ದಾಳ ಹಾಕಲು ಕೇಳಿದೆ. ಹದಿನೈದು ಬಂದರೆ ಪಂಚಾಯಿತಿ ಒಪ್ಪುತ್ತದೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ದಾಳದ ಅಂಕಕ್ಕೆ ಪಾತ್ರದ ಕೌಶಲದ ಅಂಕ ಕೂಡಿಸಿದ ಮೇಲೆ ಹದಿಮೂರು ಬಂತು. ಸಂಖ್ಯೆಯನ್ನು ನಾನು ತಿದ್ದಲಿಲ್ಲ, ಏಕೆಂದರೆ ದಾಳಕ್ಕೆ ಬೆಲೆಯಿಲ್ಲದಿದ್ದರೆ ಅವರು ಹಲಗೆಯ ಮೇಲಿಟ್ಟ ವಸ್ತುಗಳಿಗೂ ಬೆಲೆಯಿರುವುದಿಲ್ಲ. ಆದರೆ ಅವರ ನಡೆಯನ್ನು ಕಡೆಗಣಿಸಲೂ ಮನಸ್ಸು ಬರಲಿಲ್ಲ. ಮಧ್ಯಯುಗದ ಪಟ್ಟಣಗಳಲ್ಲಿ ಒಡೆಯನ ಹೊಲ ಬಿಟ್ಟು ಓಡಿಬಂದ ಜೀತದವನು ಒಂದು ವರ್ಷ ಒಂದು ದಿನ ಗೋಡೆಯೊಳಗೆ ಬಾಳಿದರೆ ಸ್ವತಂತ್ರನಾಗುತ್ತಾನೆಂಬ ರೂಢಿ ಇತ್ತು. ಹಿರಿಯರು ಅದನ್ನೇ ಹೇಳಿದರು. ಒಂದು ವರ್ಷ ಒಂದು ದಿನ ಗ್ರುಮ್ ಕಟ್ಟೆಯನ್ನು ನಡೆಸಲಿ, ಅಲ್ಲಿಯವರೆಗೆ ಬೀಗದ ಕೈ ಅಜ್ಜಿಯ ಸೊಂಟದಲ್ಲೇ ಇರಲಿ, ಆಮೇಲೆ ಮತ್ತೆ ಕೂರೋಣ.

ಒರ್ಲಾಳ ವಯಸ್ಸು ನನ್ನ ಪುಸ್ತಕದಲ್ಲಿ ಎಪ್ಪತ್ತೊಂಬತ್ತು ಎಂದಿದೆ. ಮುಂದಿನ ಭಾನುವಾರದ ಆಟ ರಕ್ತದ ತಿಂಗಳಿನಿಂದ ಆರಂಭವಾಗುತ್ತದೆ, ಗ್ರುಮ್ ತಾನೇ ನಿಂತು ಮಾಡಬೇಕಾದ ಮೊದಲ ದೊಡ್ಡ ಕೊಯ್ಲು. ಮಂದೆಯವರು ಇಪ್ಪತ್ತೆರಡು ಹಂದಿ, ನಲವತ್ತು ಕುರಿ ಬಿಟ್ಟುಹೋಗಿದ್ದಾರೆ, ಉಪ್ಪಿನ ಗಾಡಿ ಇನ್ನೂ ಘಟ್ಟ ಇಳಿದಿಲ್ಲ. ಎಷ್ಟು ತೊಟ್ಟಿ ಉಪ್ಪು ಉಳಿದಿದೆ ಎಂಬ ಲೆಕ್ಕವನ್ನು ನಾನು ಈ ವಾರ ಹಾಕಬೇಕು.